ಅನ್ನದ ಗುರುತು

ನಮ್ಮ ಊರಿನಲ್ಲಿ ಯಾರ ಭಕ್ತಿ ಎಷ್ಟು ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಯಾರ ಹಸಿವು ಎಷ್ಟು ಎಂದು ಹೇಳಬಹುದು. ಮೇಲಿನ ಮಠದ ದಾಸೋಹದಲ್ಲಿ ಪುಕ್ಕಟೆ ಉಂಡವರ ಹಣೆಯ ಮೇಲೆ, ಕೈ ತೊಳೆದು ಬರುವಷ್ಟರಲ್ಲಿ, ವಿಭೂತಿಯಂಥ ಮೂರು ಬಿಳಿ ಗೆರೆಗಳು ಮೂಡುತ್ತವೆ. ದರ್ಗಾದ ಲಂಗರಿನಲ್ಲಿ ಉಂಡವರ ಕಣ್ಣಿಗೆ ತಾನಾಗಿ ಸುರ್ಮಾ ಹತ್ತುತ್ತದೆ. ಇಗರ್ಜಿಯ ಆಸ್ಪತ್ರೆಯಲ್ಲಿ ಗಂಜಿ ಕುಡಿದವರ ಎಡ ಮಣಿಕಟ್ಟಿನ ಮೇಲೆ ನೀಲಿ ಬಣ್ಣದ ಸಣ್ಣ ಶಿಲುಬೆ ಕಾಣಿಸಿಕೊಳ್ಳುತ್ತದೆ. ಸೋಪು, ಸೀಗೆಕಾಯಿ, ಸೀಮೆಎಣ್ಣೆ, ಯಾವುದಕ್ಕೂ ಹೋಗುವುದಿಲ್ಲ. ಸ್ವಂತ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಂಡರೆ, ಇಲ್ಲವೇ ತಾನು ದುಡಿದ ರೊಕ್ಕ ಕೊಟ್ಟು ಉಂಡರೆ ಹೋಗುತ್ತವೆ. ಬೇಡಿದ ರೊಕ್ಕ ಕೊಟ್ಟು ಉಂಡರೆ ಹೋಗುವುದಿಲ್ಲ. ಅದನ್ನು ಬಸ್‌ಸ್ಟ್ಯಾಂಡಿನ ಭಿಕ್ಷುಕರು ಎಂದೋ ಮಾಡಿ ನೋಡಿದ್ದಾರೆ.

ಹೀಗಾಗಿ ನಮ್ಮಲ್ಲಿ ಹಣೆಯ ಗೆರೆಗೂ ಜಾತಿಗೂ ಸಂಬಂಧವಿಲ್ಲ. ಮಠಕ್ಕೆ ಲಕ್ಷಗಟ್ಟಲೆ ಕೊಟ್ಟ ದಾಲ್ ಮಿಲ್ಲಿನ ಸಾಹುಕಾರನ ಹಣೆ ತೊಳೆದಿಟ್ಟ ತಾಟಿನಂತಿರುತ್ತಿತ್ತು. ಅವನದೇ ಮಿಲ್ಲಿನಲ್ಲಿ ಮೂಟೆ ಹೊರುವ ಖಾಜಾಸಾಬನ ಹಣೆಯ ಮೇಲೆ ಮೂರು ಗೆರೆ, ಯಾಕೆಂದರೆ ಮಠ ಮಿಲ್ಲಿಗೆ ಹತ್ತಿರ. ಕೈಯಿಂದ ಹಚ್ಚಿಕೊಂಡ ವಿಭೂತಿ ಸ್ವಲ್ಪವಾದರೂ ಸೊಟ್ಟ ಇರುತ್ತದೆ, ಮೂಡಿದ್ದು ಸ್ಕೇಲು ಇಟ್ಟು ಎಳೆದ ಹಾಗೆ ನೆಟ್ಟಗಿರುತ್ತದೆ. ಊರಿನ ಕೂಸಿಗೂ ಈ ವ್ಯತ್ಯಾಸ ಗೊತ್ತು. ಹೆಣ್ಣು ನೋಡಲು ಬಂದವರು ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಬಳೆ ನೋಡುವ ನೆಪದಲ್ಲಿ ಮಣಿಕಟ್ಟು ನೋಡುತ್ತಾರೆ. ಅಂಗಡಿಯವರು ಗೆರೆ ಇದ್ದವರಿಗೆ ಉದ್ರಿ ಕೊಡುವುದಿಲ್ಲ.

ನನ್ನ ಹೆಸರು ಹುಲಿಗೆಮ್ಮ. ಮಠದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದೆ. ಎಂಟನೇ ಇಯತ್ತೆಗೆ ಬಂದವಳು ಕಡೆಯ ವರ್ಷದ ತನಕ ಅಲ್ಲಿಯೇ ಉಂಡವಳು. ರಜೆಗೆ ನಮ್ಮ ಹಳ್ಳಿಗೆ ಹೋಗಿ ಅವ್ವನ ರೊಟ್ಟಿ ಮುರಿದ ಕೂಡಲೇ ಗೆರೆ ಹೋಗುತ್ತಿದ್ದವು, ತಿರುಗಿ ಬಂದ ದಿನವೇ ಮೂಡುತ್ತಿದ್ದವು. ಅದಕ್ಕೆ ನಾನು ಅತ್ತವಳಲ್ಲ. ಅಳುವುದಕ್ಕಿಂತ ಉಣ್ಣುವುದು ಮುಖ್ಯವಾಗಿತ್ತು. ಆದರೆ ಕಡೆಯ ವರ್ಷ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೆಲಸ ಕೇಳಲು ಹೋದೆ. ಡಾಕ್ಟರು ನನ್ನ ಮಾರ್ಕ್ಸು ನೋಡಿದರು, ಹಣೆ ನೋಡಿದರು, ಉಳಿದವರಿಗೆ ಹೇಳಿದ ಪಗಾರದಲ್ಲಿ ಅರ್ಧ ಹೇಳಿದರು. ಯಾಕ್ರೀ ಎಂದರೆ, "ಊಟ ಹೆಂಗೂ ಮಠದಾಗ ಆಕ್ಕೈತಲ್ಲವಾ, ನಿನಗ ಇನ್ನೇನು ಖರ್ಚು?" ಎಂದರು. ಗೆರೆ ಎಂದರೆ ಏನು ಎಂದು ನನಗೆ ಪೂರ್ತಿ ತಿಳಿದದ್ದು ಅಂದು.

ಆ ವರ್ಷವೇ ಸರ್ಕಾರ ಒಂದು ಆದೇಶ ಮಾಡಿತು. ಬಡವರಿಗೆ ಊಟ ಹಾಕುವ, ಮಕ್ಕಳನ್ನು ಓದಿಸುವ ಧಾರ್ಮಿಕ ಸಂಸ್ಥೆಗಳಿಗೆ ಅನುದಾನ ಕೊಡುತ್ತೇವೆ. ಆದರೆ ಫಲಾನುಭವಿಗಳ ಮೈಮೇಲೆ ಯಾವ ಧರ್ಮದ ಗುರುತೂ ಇರಕೂಡದು. ಮಠಕ್ಕೆ ಆಗ ರೊಕ್ಕದ ಅಡಚಣೆ ಇತ್ತು. ದಾಲ್ ಮಿಲ್ಲಿನ ಸಾಹುಕಾರ ಸತ್ತು, ಮಕ್ಕಳು ಪಾಲಾಗಿ, ದೇಣಿಗೆ ನಿಂತಿತ್ತು. ಮಠದ ಕಾರಭಾರಿ ಪರ್ವತಯ್ಯನವರು ನಮ್ಮನ್ನೆಲ್ಲ ಪ್ರಾರ್ಥನೆಯ ಹಾಲಿನಲ್ಲಿ ಕೂಡಿಸಿ ನೇರ ಹೇಳಿದರು: "ಅನುದಾನ ಬಂತು, ಹಾಸ್ಟೆಲ್ ನಡೀತೈತಿ. ಬರಲಿಲ್ಲ, ಹುಡುಗೂರದು ಹ್ಯಾಂಗರ ಮಾಡಿ ನಡಸ್ತೀವಿ, ಹುಡಿಗೇರದು ಮುಚ್ಚಬೇಕಾಕ್ಕೈತಿ."

"ನಮ್ಮದ ಯಾಕ್ರೀ ಮೊದಲ ಮುಚ್ಚೂದು?" ಎಂದು ನಾನು ಕೇಳಿದೆ.

"ನಿಮಗ ಮನಿ ಐತಲ್ಲವಾ."

"ಹುಡುಗೂರಿಗೆ ಮನಿ ಇಲ್ಲೇನ್ರಿ?"

ಪರ್ವತಯ್ಯನವರು ಕೆಟ್ಟವರಲ್ಲ. ಉತ್ತರ ಗೊತ್ತಿಲ್ಲದಾಗ ಕೆಮ್ಮುತ್ತಿದ್ದರು. ಆಗಲೂ ಕೆಮ್ಮಿದರು. ಮಠದ ಸ್ವಾಮಿಗಳಾದ ದೊಡ್ಡ ಅಪ್ಪನವರಿಗೆ ಕೇಳೋಣವೆಂದರೆ ಅವರು ಶ್ರಾವಣದಿಂದ ಮೌನದಲ್ಲಿದ್ದರು. ಏನು ಹೇಳಿದರೂ ಕೈ ಎತ್ತಿ ಹರಸುತ್ತಿದ್ದರು. ಹಾಗಾಗಿ ಮಠದ ಮಾತೆಲ್ಲ ಪರ್ವತಯ್ಯನವರದೇ ಆಗಿತ್ತು. ಪರೀಕ್ಷೆಗೆ ಇನ್ನೂ ಅರ್ಧ ವರ್ಷವಿತ್ತು. ಹಾಸ್ಟೆಲ್ ಮುಚ್ಚಿದರೆ ನಾನು ಅವ್ವನ ಜೊತೆ ಇಟ್ಟಂಗಿ ಭಟ್ಟಿಗೆ ಹೋಗಬೇಕಿತ್ತು. ಅಲ್ಲಿ ಯಾರಿಗೂ ಇಂಜೆಕ್ಷನ್ ಕೊಡುವ ಕೆಲಸ ಇರುವುದಿಲ್ಲ.

ತಪಾಸಣೆಗೆ ರಾಜಧಾನಿಯಿಂದ ಅಧಿಕಾರಿ ಬರುತ್ತಾರೆಂದು ಗೊತ್ತಾದ ಮೇಲೆ ಊರಿನ ಮೂರೂ ಅನ್ನದ ಮನೆಗಳು ತಯಾರಿ ನಡೆಸಿದವು. ದರ್ಗಾದ ಮುಜಾವರರು ಸಂತೆಯಿಂದ ಕಪ್ಪು ಚಾಳೀಸು ತರಿಸಿ ಉಣ್ಣಲು ಬಂದವರಿಗೆಲ್ಲ ಹಾಕಿಸಿದರು. ಲಂಗರಿನ ಸಾಲು ಕಣ್ಣಿನ ಆಪರೇಶನ್ ಕ್ಯಾಂಪಿನಂತೆ ಕಾಣುತ್ತಿತ್ತು. ಇಗರ್ಜಿಯ ಸಿಸ್ಟರು ರೋಗಿಗಳಿಗೆ ಉದ್ದ ತೋಳಿನ ಅಂಗಿ ಹೊಲಿಸಿದರು. ನಮ್ಮ ಪರ್ವತಯ್ಯನವರು ಹಳೆಯ ಕಾವಿ ಧೋತರ ಹರಿದು ಎಲ್ಲರ ಹಣೆಗೂ ಪಟ್ಟಿ ಕಟ್ಟಿಸಿದರು.

"ಕೇಳಿದ್ರ ತಲಿನೋವು ಅನ್ರಿ" ಎಂದರು.

"ಎಲ್ಲಾರಿಗೂ ಒಮ್ಮೆಲೇ ತಲಿನೋವು ಬರಾಕ ಇದೇನು ಗಣಿತದ ಪೇಪರ್ರೇನ್ರಿ?" ಎಂದಳು ನನ್ನ ಗೆಳತಿ ಮೆಹರೂನ. ಅವಳು ನನ್ನ ಪಕ್ಕದ ಮಂಚದವಳು. ದಿನಕ್ಕೆ ಐದು ಹೊತ್ತು ನಮಾಜು ಮಾಡುತ್ತಿದ್ದಳು, ಹಣೆಯ ಮೇಲೆ ನನ್ನಂತೆಯೇ ಮೂರು ಗೆರೆ ಇಟ್ಟುಕೊಂಡು. ಮೊದಲ ವರ್ಷ ಅವಳ ಅಬ್ಬಾ ನೋಡಿ, "ಸಜ್ದಾ ಹಣೀದು, ಗೆರಿ ಹೊಟ್ಟೀದು. ಅಲ್ಲಾಗ ಎರಡೂ ಗೊತ್ತೈತಿ. ಓದು" ಎಂದಿದ್ದರಂತೆ.

ಅಧಿಕಾರಿಯ ಹೆಸರು ಲೋಹಿತಾಶ್ವ. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಪ್ರತಿ ಮಾತಿಗೂ "ಸರಿ, ಮುಂದೆ" ಎನ್ನುವ ಅಭ್ಯಾಸ. ಅಂತಿಮ ವರ್ಷದವಳೆಂದು ಅವರಿಗೆ ಹಾಸ್ಟೆಲ್ ತೋರಿಸುವ ಕೆಲಸ ನನಗೆ ಬಂತು. ಕೋಣೆ ನೋಡಿದರು, ಸಂಡಾಸು ನೋಡಿದರು, ನಮ್ಮ ಹಣೆಯ ಪಟ್ಟಿ ನೋಡಿದರು.

"ಎಲ್ಲರೂ ಯಾಕೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೀರಿ?"

"ತಲಿನೋವ್ರಿ" ಎಂದರು ಹಿಂದಿನ ಸಾಲಿನವರು ಒಟ್ಟಾಗಿ.

ಅವರು ನಕ್ಕರು. "ನೋಡಮ್ಮ, ನನಗೆ ವರದಿ ಬಂದಿದೆ. ಇಲ್ಲಿ ಊಟಕ್ಕೆ ಮುಂಚೆ ಬಲವಂತವಾಗಿ ವಿಭೂತಿ ಬಳೀತಾರೆ. ಅದು ನಿಜ ಆದ್ರೆ ಒಂದು ಪೈಸೆ ಬರಲ್ಲ. ಯಾರು ಬಳೀತಾರೆ, ಅವರ ಹೆಸರು ಹೇಳು ಸಾಕು."

"ಯಾರೂ ಬಳಿಯಂಗಿಲ್ರಿ. ಉಂಡ್ರ ಬರ್ತೈತಿ."

"ಸರಿ, ಮುಂದೆ" ಎಂದರು. ಹೊರಗಿನವರಿಗೆ ಇದನ್ನು ಹೇಳಿ ನಂಬಿಸಿದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ನಾನೂ ಹೆಚ್ಚು ಪ್ರಯತ್ನ ಮಾಡಲಿಲ್ಲ.

ಮಧ್ಯಾಹ್ನ ಪರ್ವತಯ್ಯನವರು ಒಂದು ತಪ್ಪು ಮಾಡಿದರು. ಅದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಸಾಹೇಬರನ್ನು ಪಂಕ್ತಿಯಲ್ಲಿ ಕೂಡಿಸಬಾರದೆಂದು ಒಳಗಿನ ಕೋಣೆಯಲ್ಲಿ ಮಣೆ ಹಾಕಿಸಿ, ಬಾಳೆ ಎಲೆಯ ಮೇಲೆ ಹೂರಣದ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಹಪ್ಪಳ ಬಡಿಸಿದರು. ಬೆಳ್ಳಿ ತಂಬಿಗೆಯಲ್ಲಿ ನೀರಿಟ್ಟರು. ಮರ್ಯಾದೆಯ ಊಟವೂ ಪುಕ್ಕಟೆ ಊಟವೇ ಎನ್ನುವುದು ಅವರ ಲಕ್ಷ್ಯಕ್ಕೇ ಬರಲಿಲ್ಲ. ಊರಿನ ಸಿರಿವಂತರು ಯಾರೂ ಮಠದಲ್ಲಿ ಉಣ್ಣುತ್ತಿರಲಿಲ್ಲವಾದ್ದರಿಂದ, ಗೆರೆ ಬಡವರಿಗಷ್ಟೇ ಮೂಡುತ್ತದೆಂದು ಅವರು ಮನಸ್ಸಿನಲ್ಲಿ ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಲೋಹಿತಾಶ್ವ ಅವರು ಕೈ ತೊಳೆಯಲು ಎದ್ದರು. ನಲ್ಲಿಯ ಮೇಲೆ ಕನ್ನಡಿ ಇತ್ತು. ಮೊದಲು ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರೋ ನಿಂತಿದ್ದಾರೇನೋ ಎಂಬಂತೆ. ಆಮೇಲೆ ಕೈಯಿಂದ ಒರೆಸಿದರು. ಕರವಸ್ತ್ರ ತೆಗೆದು ಉಜ್ಜಿದರು. ಹಣೆ ಕೆಂಪಾಯಿತು, ಕೆಂಪಿನ ಮೇಲೆ ಬಿಳಿ ಇನ್ನೂ ಚೆನ್ನಾಗಿ ಕಂಡಿತು.

"ಯಾರ್ರೀ ಇದನ್ನ ಹಚ್ಚಿದ್ದು? ನಾನು ಊಟ ಮಾಡೋವಾಗ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ ಸಾಹೇಬ್ರ" ಎಂದರು ಪರ್ವತಯ್ಯ. ಅವರ ದನಿ ಮೆತ್ತಗಾದ ಹಪ್ಪಳದಂತಾಗಿತ್ತು.

"ನಾ ಮುಂಜಾನೆನ ಹೇಳಿದ್ನೆಲ್ರಿ" ಎಂದೆ ನಾನು.

ನಾಲ್ಕು ಗಂಟೆಗೆ ಮಠದ ಪಡಸಾಲೆಯಲ್ಲಿ ಮೂರೂ ಸಂಸ್ಥೆಗಳವರ ಸಭೆ ಇತ್ತು. ಪತ್ರಿಕೆಯವರು ಬರುವವರಿದ್ದರು. ಧರ್ಮದ ಗುರುತು ಇರಕೂಡದೆಂದು ಹೇಳಲು ಬಂದ ಮನುಷ್ಯ ಅದನ್ನೇ ಹಣೆಯ ಮೇಲೆ ಹೊತ್ತು ಕೂಡುವಂತಿರಲಿಲ್ಲ. ಹೋಗುವುದು ಹೇಗೆ ಎಂದು ಕೇಳಿದರು. ರೊಕ್ಕ ಕೊಟ್ಟು ಏನಾದರೂ ತಿನ್ನಬೇಕು ಎಂದೆ. "ಅಷ್ಟೇನಾ?" ಎಂದು ನಿರಾಳವಾಗಿ ಜೀಪು ಹತ್ತಿದರು. ಅದು ಅಷ್ಟು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕೆಲವು ವಿಷಯ ಸರ್ಕಾರ ತಾನೇ ಕಲಿಯುವುದು ಒಳ್ಳೆಯದು.

ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಇಡ್ಲಿ ತಿಂದರಂತೆ. ಮಾಲೀಕ ಕೈ ಮುಗಿದು, "ಸಾಹೇಬ್ರ, ನಿಮ್ಮ ಕಡೆ ರೊಕ್ಕಾ ತಗೊಂಡ್ರ ನಾ ಈ ಊರಾಗ ಹೋಟೆಲ್ ನಡಸಬೇಕೋ ಬ್ಯಾಡೋ?" ಎಂದನಂತೆ. ನೋಟು ಗಲ್ಲಾದ ಮೇಲೆ ಇಟ್ಟು ಬಂದರೆ ಹುಡುಗನನ್ನು ಓಡಿಸಿ ಜೀಪಿನೊಳಗೆ ಎಸೆಯಿಸಿದ. ಚಹಾದಂಗಡಿಯವನು ಎದ್ದು ನಿಂತ, ರೊಕ್ಕಕ್ಕೆ ಕೈ ಚಾಚಲಿಲ್ಲ. ಬಾಳೆಹಣ್ಣಿನವಳು ಒಂದು ಕೇಳಿದರೆ ಒಂದು ಗೊನೆ ಕೊಟ್ಟು, ತನ್ನ ಮಗನಿಗೆ ಪ್ಯೂನ್ ಕೆಲಸ ಎಂದು ಶುರು ಮಾಡಿದಳು. ಕಡೆಗೆ ಅವರು ಡ್ರೈವರನ ಕೈಯಲ್ಲಿ ರೊಕ್ಕ ಕೊಟ್ಟು ಕಳಿಸಿ, ತಾವು ಹುಣಸೇಮರದ ಮರೆಯಲ್ಲಿ ಜೀಪಿನಲ್ಲಿ ಕುಳಿತರು. ಡ್ರೈವರ್ ಬನ್ನು ತಂದ, ಹತ್ತು ರೂಪಾಯಿ ಆಯಿತೆಂದ. ಸಾಹೇಬರು ತಿಂದರು. ಗೆರೆ ಅಲುಗಲಿಲ್ಲ. ಡ್ರೈವರ್ ಎಷ್ಟೋ ವರ್ಷದಿಂದ ಹೀಗೆಯೇ ಸಾಹೇಬರ ಹೆಸರು ಹೇಳಿ ಪುಕ್ಕಟೆ ತಂದು ಹತ್ತಿಪ್ಪತ್ತು ಉಳಿಸಿಕೊಳ್ಳುತ್ತಿದ್ದನೆಂಬುದು ಆ ಹಣೆಯಿಂದ ಬಯಲಾಯಿತು.

ಮೂರು ಗಂಟೆಯ ಹೊತ್ತಿಗೆ ತಿರುಗಿ ಬಂದರು. ಹೊಟ್ಟೆ ತುಂಬಿ ನಿಲ್ಲಲಾರದಂತಾಗಿದ್ದರು. ಹಾಸ್ಟೆಲಿನ ಮುಂದಿನ ಕಟ್ಟೆಯ ಮೇಲೆ ಕುಳಿತು, "ಈ ಊರಲ್ಲಿ ಒಬ್ಬರೂ ನನ್ನ ಹತ್ರ ದುಡ್ಡು ತಗೊಳ್ಳಲ್ಲ" ಎಂದರು. ಒಬ್ಬ ಅಧಿಕಾರಿ ಹೀಗೆ ದೂರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಾ ತಗೋತೀನ್ರಿ" ಎಂದೆ.

ಜಡ್ಡಾಗಿ ಮಲಗಿದವರಿಗೆ ಗಂಜಿ ಕಾಯಿಸಲೆಂದು ನಮ್ಮ ಕಡೆ ಒಂದು ಸಣ್ಣ ಒಲೆ ಇತ್ತು. ಅವ್ವ ಕಳಿಸಿದ ಜೋಳದ ಹಿಟ್ಟು ಟ್ರಂಕಿನಲ್ಲಿತ್ತು. ರೊಟ್ಟಿ ಬಡಿದೆ. ಮೆಹರೂನ ತನ್ನ ಅಮ್ಮ ಕೊಟ್ಟಿದ್ದ ಶೇಂಗಾ ಚಟ್ನಿ ತೆಗೆದಳು. "ಒಂದು ರೊಟ್ಟಿ, ಚಟ್ನಿ, ಇಪ್ಪತ್ತು ರೂಪಾಯಿ. ಮೊದಲ ಕೊಡ್ರಿ" ಎಂದೆ.

"ಹೋಟೆಲ್ಲಲ್ಲೇ ಹದಿನೈದಲ್ಲವಾ?"

"ಹೋಟೆಲ್ನವ ನಿಮ್ಮ ಕಡೆ ತಗೊಳ್ಳಂಗಿಲ್ಲಲ್ರಿ. ನಂದು ಜಾಸ್ತಿ."

ಅವರು ನೂರರ ನೋಟು ಕೊಟ್ಟು ಚಿಲ್ಲರೆ ಇಟ್ಟುಕೋ ಎಂದರು. "ಬ್ಯಾಡ್ರಿ. ಇಟ್ಕೊಂಡ್ರ ನಮಗ ಯಾವ ಗುರುತು ಬರ್ತೈತೋ ಯಾರಿಗೆ ಗೊತ್ತು" ಎಂದು ಮೆಹರೂನ ಎಂಬತ್ತು ಎಣಿಸಿ ಕೈಗಿಟ್ಟಳು. ಅವರು ಕಷ್ಟಪಟ್ಟು ರೊಟ್ಟಿ ಮುರಿದರು. ಎರಡನೇ ತುತ್ತಿಗೆ ಕೆಳಗಿನ ಗೆರೆ ಹೋಯಿತು, ನಾಲ್ಕನೆಯದಕ್ಕೆ ಹಣೆ ಚೊಕ್ಕವಾಯಿತು. ಮೆಹರೂನ ಸಣ್ಣ ಕನ್ನಡಿ ಹಿಡಿದು ತೋರಿಸಿದಳು. ಅವರು ಬಹಳ ಹೊತ್ತು ನೋಡಿಕೊಂಡರು. "ಸರಿ, ಮುಂದೆ" ಎನ್ನಲಿಲ್ಲ.

"ನೀವು ಎಷ್ಟು ವರ್ಷದಿಂದ..." ಎಂದು ನನ್ನ ಹಣೆಯ ಪಟ್ಟಿ ತೋರಿಸಿದರು.

ನಾನು ಪಟ್ಟಿ ಬಿಚ್ಚಿದೆ. ಮುಚ್ಚಿಡುವುದರಲ್ಲಿ ಇನ್ನು ಅರ್ಥವಿರಲಿಲ್ಲ. "ನೀವು ಒಂದು ಮಧ್ಯಾಹ್ನಕ್ಕ ಊರೆಲ್ಲಾ ಓಡಾಡಿದ್ರಿ. ನಮಗ ದಿನಾ ಓಡಾಡಾಕ ಜೀಪಿಲ್ರಿ" ಎಂದೆ. "ಮಠಕ್ಕ ರೊಕ್ಕ ಕೊಟ್ರ, ಮಠ ನಮಗ ಅನ್ನ ಕೊಡ್ತೈತಿ, ಗೆರಿ ಬರ್ತೈತಿ. ಗೆರಿ ಬಂದ್ರ ನೀವು ರೊಕ್ಕ ಕೊಡಂಗಿಲ್ಲ. ರೊಕ್ಕ ಇಲ್ಲಂದ್ರ ಹಾಸ್ಟೆಲ್ ಮುಚ್ತೈತಿ. ಇದರಾಗ ನಾವೇನ್ ತಪ್ಪು ಮಾಡೀವಿ ಹೇಳ್ರಿ. ರೊಕ್ಕ ನಮ್ಮ ಕೈಯಾಗ ಕೊಡ್ರಿ. ನಾವು ಮಠಕ್ಕ ಕೊಟ್ಟು ಉಣ್ತೀವಿ."

"ನಿಮ್ಮ ಕೈಗೆ ಕೊಟ್ರೆ ಅದೂ ದಾನವೇ ಅಲ್ವಾ? ಬೇಡಿದ ದುಡ್ಡಲ್ಲಿ ತಿಂದ್ರೆ ಹೋಗಲ್ಲ ಅಂತ ನಿಮ್ಮ ಊರವರೇ ಹೇಳಿದ್ರು."

ಇದು ಸರಿಯಾದ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಸರ್ಕಾರದ ರೊಕ್ಕವನ್ನು ಕೈಯಲ್ಲಿ ಹಿಡಿದು ಉಣ್ಣಲು ಕೂತವರು ನಮ್ಮ ಊರಿನಲ್ಲಿ ಅಲ್ಲಿಯ ತನಕ ಯಾರೂ ಇರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ನಮ್ಮವ್ವ ಕೊಳ್ಳೂ ಬೆಂಕಿಪೊಟ್ಟಣಕ್ಕೂ ಟ್ಯಾಕ್ಸ್ ಐತ್ರಿ" ಎಂದೆ. "ಸೋಪಿಗೂ ಐತಿ. ಚಪ್ಪಲಿಗೂ ಐತಿ. ಅದು ನಿಮ್ಮ ಕಡೆ ಬಂದಾಗ ದಾನ ಅಂತ ನೀವು ಕೈ ಮುಗಿದು ತಗೋತೀರೇನು?"

ಅವರು ಕೈ ತೊಳೆದುಕೊಂಡು ಸಭೆಗೆ ಎದ್ದರು. "ನೀನೂ ಬಾ. ಇದನ್ನೇ ಅಲ್ಲಿ ಹೇಳು" ಎಂದರು.

ಸಭೆಯಲ್ಲಿ ಲೋಹಿತಾಶ್ವ ಅವರು ತಮ್ಮ ಹಣೆಯ ಸುದ್ದಿ ಎತ್ತಲಿಲ್ಲ. ಹಾಸ್ಟೆಲ್ ಹುಡುಗಿಯರ ಹೆಸರಿಗೆ ನೇರವಾಗಿ ಊಟದ ಹಣ ಕೊಡಲು ಶಿಫಾರಸು ಮಾಡಬಹುದು, ಮಠ ಅದನ್ನು ತೆಗೆದುಕೊಂಡು ಊಟ ಹಾಕಲು ಒಪ್ಪಬೇಕು ಎಂದರು. ಮುಜಾವರರು ಚಾಳೀಸು ಒರೆಸುತ್ತ, ಮೊದಲು ಮಠ ಮಾಡಿ ನೋಡಲಿ ಎಂದರು. ಸಿಸ್ಟರು ತಲೆ ಆಡಿಸಿದರು. ಪರ್ವತಯ್ಯನವರು ಮಾತ್ರ ಎದ್ದು ನಿಂತರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ.

"ಈ ಮಠದಾಗ ಒಲಿ ಹಚ್ಚಿದ ದಿನದಿಂದ ಅನ್ನಕ್ಕ ರೊಕ್ಕಾ ಇಸಗೊಂಡಿಲ್ಲ. ಬರಗಾಲದಾಗ ಇಸಗೊಂಡಿಲ್ಲ, ಪ್ಲೇಗ್ ಬಂದಾಗ ಇಸಗೊಂಡಿಲ್ಲ. ರೊಕ್ಕಾ ತಗೊಂಡು ಊಟಾ ಹಾಕಿದ್ರ ಇದು ಮಠ ಹ್ಯಾಂಗ ಆಕ್ಕೈತ್ರಿ? ಖಾನಾವಳಿ ಆಕ್ಕೈತಿ. ಬೋರ್ಡ್ ಬರಸಲೇನು, ಇವತ್ತಿನ ಸ್ಪೆಷಲ್ ಅಂತ?"

"ಮುಚ್ಚೂದಕ್ಕಿಂತ ಖಾನಾವಳಿ ಪಾಡ್ರಿ" ಎಂದೆ.

"ನೀ ಸುಮ್ಮನಿರವಾ. ನಿನಗ ಹನ್ನೆರಡು ವರ್ಷದಾಕಿ ಇದ್ದಾಗಿಂದ ಅನ್ನಾ ಹಾಕೀನಿ. ಎಂದರ ಎಣಿಸೀನೇನು?"

"ಇಲ್ರಿ. ನೀವು ಎಣಿಸಿಲ್ಲ. ಊರು ಎಣಿಸೈತಿ." ನನಗೆ ಮಾತು ನಿಲ್ಲಿಸಬೇಕೆನಿಸಲಿಲ್ಲ. "ಪರ್ವತಯ್ಯನವರ, ನಿಮ್ಮ ಮಗಳು ಅಕ್ಕನಾಗಮ್ಮ ನನ್ನ ಕಾಲೇಜಿನಾಗ ಓದ್ತಾಳ. ಮಠದಿಂದ ಕಾಲೇಜು ಎರಡು ಹೆಜ್ಜಿ. ನಿಮ್ಮ ಮನಿ ಊರಾಚೆ ಐತಿ. ಆಕಿ ದಿನಾ ಮಧ್ಯಾಹ್ನ ಬಿಸಿಲಾಗ ಸೈಕಲ್ ತುಳಕೊಂಡು ಮನಿಗೆ ಹೋಗಿ ಉಂಡು ಬರ್ತಾಳ. ಇಲ್ಲಿ ಯಾಕ ಉಣ್ಣಂಗಿಲ್ರಿ?"

ಪರ್ವತಯ್ಯನವರ ಹಣೆಯ ಮೇಲೆ ಆ ದಿನ ಬೆಳಿಗ್ಗೆ ಕೈಯಾರೆ ಹಚ್ಚಿಕೊಂಡ ವಿಭೂತಿ ಬೆವರಿಗೆ ಕರಗುತ್ತಿತ್ತು. ಅವರು ಕೆಮ್ಮುತ್ತಾರೆ ಎಂದುಕೊಂಡೆ. ಕೆಮ್ಮಲಿಲ್ಲ.

"ನಾನ ಬ್ಯಾಡಂದೀನಿ" ಎಂದರು ಕಡೆಗೆ. "ಆಕಿಗೆ ವರಾ ನೋಡಬೇಕು."

ಅವರು ಕುಳಿತರು. ನನ್ನನ್ನು ನೋಡದೆ, ನೆಲ ನೋಡುತ್ತ ಕೇಳಿದರು: "ರೊಕ್ಕಾ ಕೊಟ್ಟು ಉಂಡಾಕಿ ನಾಳೆ ಮಠಕ್ಕ ಕೈ ಮುಗೀತಾಳೇನವಾ?"

"ಗೊತ್ತಿಲ್ರಿ. ಮನಸಾದ್ರ ಮುಗೀತೀವಿ."

ಈ ಉತ್ತರ ಅವರಿಗೆ ಹಿಡಿಸಲಿಲ್ಲ. ಆದರೆ ಸುಳ್ಳು ಎಂದು ಅನಿಸಲೂ ಇಲ್ಲ. ಎದ್ದು ಒಳಗೆ ಹೋಗಿ ದೊಡ್ಡ ಅಪ್ಪನವರ ಮುಂದೆ ನಿಂತು ಬಂದರು. ಅಪ್ಪನವರು ಎಂದಿನಂತೆ ಕೈ ಎತ್ತಿ ಹರಸಿದ್ದಾರೆಂದು ಹೇಳಿದರು. ಹಾದಿಹೋಕರಿಗೆ, ಮುದುಕರಿಗೆ, ಮೂಟೆ ಹೊರುವವರಿಗೆ ದಾಸೋಹ ಮೊದಲಿನಂತೆಯೇ ಪುಕ್ಕಟೆ ನಡೆಯಬೇಕು, ಅದಕ್ಕೆ ಸರ್ಕಾರದ ರೊಕ್ಕ ಬೇಡ, ಮಠ ಭಿಕ್ಷೆ ಎತ್ತಿ ನಡೆಸುತ್ತದೆ ಎಂದು ತಮ್ಮ ಷರತ್ತು ಹಾಕಿದರು. ಹಾಸ್ಟೆಲಿನದು ಮಾತ್ರ ಬೇರೆ. "ನೋಡೋಣು. ಗೆರಿ ಹೋಗಲಿಲ್ಲಂದ್ರ ಈ ಹುಡಿಗಿ ಮಾತು ಸುಳ್ಳಂತ ಬರದು ಕೊಡ್ರಿ ಸಾಹೇಬ್ರ. ನಾ ಹಾಸ್ಟೆಲ್ ಮುಚ್ತೀನಿ" ಎಂದರು.

ಹೀಗೆ ಹಾಸ್ಟೆಲು ನನ್ನ ಹಣೆಯ ಮೇಲೆ ನಿಂತಿತು.

ಹಣ ಬಂದದ್ದು ದೀಪಾವಳಿಯ ಆಚೆ. ಅಲ್ಲಿಯ ತನಕ ಊರು ಎರಡು ಪಾಲಾಗಿತ್ತು. ಸರ್ಕಾರ ಕೊಟ್ಟದ್ದೂ ಭಿಕ್ಷೆಯೇ, ಗೆರೆ ಹೋಗುವುದಿಲ್ಲ ಎನ್ನುವವರು ಹೆಚ್ಚು. ಬಸ್‌ಸ್ಟ್ಯಾಂಡಿನ ಭಿಕ್ಷುಕರು ತಮ್ಮ ಅನುಭವದ ಮೇಲೆ ಅದನ್ನೇ ಹೇಳುತ್ತಿದ್ದರು. ಕೆಲವರು ಸರ್ಕಾರಕ್ಕೂ ಒಂದು ಗುರುತು ಇದ್ದೇ ಇರುತ್ತದೆ, ಇಷ್ಟು ದಿನ ಯಾರೂ ನೋಡಿಲ್ಲ ಅಷ್ಟೇ ಎಂದರು.

"ಏನಿರಬಹುದು ಹುಲಿಗಿ?" ಎಂದಳು ಮೆಹರೂನ. "ನನಗನಸ್ತೈತಿ, ಕೆನ್ನಿ ಮ್ಯಾಲೆ ದುಂಡನ್ನ ರಬ್ಬರ್ ಶಿಕ್ಕಾ. ಹಿಂಗ, ಧಡಲ್ ಅಂತ."

"ಬಂದ್ರ ನಿನಗ ಚೊಲೋ ಕಾಣಸ್ತೈತಿ ಬಿಡು."

"ಶಾದಿ ಕಾರ್ಡ್ ಮ್ಯಾಲೂ ಹಾಕಸ್ತೀನಿ."

ಹೀಗೆ ನಗುತ್ತಿರುವಾಗಲೇ ಮೊದಲ ಸಲ ರೊಕ್ಕ ಕೊಟ್ಟು ಉಣ್ಣುವ ದಿನ ಬಂತು. ಊಟದ ಮನೆಯ ಬಾಗಿಲಿಗೆ ಪರ್ವತಯ್ಯನವರು ಒಂದು ಸ್ಟೂಲು ಹಾಕಿಕೊಂಡು ಕುಳಿತಿದ್ದರು. ರೊಕ್ಕ ಇಸಿದುಕೊಳ್ಳಲು ಅವರಿಗೆ ಕೈ ಬರುತ್ತಿರಲಿಲ್ಲ. ನಾನು ನೋಟು ಚಾಚಿದರೆ ಬೇರೆ ಕಡೆ ನೋಡಿದರು. "ತಗೋರಿ, ಇಲ್ಲಂದ್ರ ಗೆರಿ ಹೋಗಂಗಿಲ್ಲ, ನಾ ಸುಳ್ಳಾಕ್ಕೀನಿ" ಎಂದೆ. ತೆಗೆದುಕೊಂಡರು. ಒಬ್ಬೊಬ್ಬಳೂ ಕೊಟ್ಟು ಒಳಗೆ ಬಂದಳು. ಚಿಕ್ಕವರನ್ನು ರೊಕ್ಕ ಇಸಿದುಕೊಳ್ಳದೆ ಹಾಗೇ ಒಳಗೆ ಬಿಡಲು ಅವರು ಎರಡು ಸಲ ನೋಡಿದರು. ಎರಡು ಸಲವೂ ಮೆಹರೂನ ಗದರಿಸಿದಳು.

ಹೊರಗೆ ಕಿಟಕಿಗೆ ಊರು ಜೋತುಬಿದ್ದಿತ್ತು. ಕಾಲೇಜಿನಿಂದ ಅಕ್ಕನಾಗಮ್ಮಳೂ ಬಂದು ನಿಂತಿದ್ದಳು. ಎಲ್ಲರೂ ಒಬ್ಬರ ಹಣೆ ಒಬ್ಬರು ನೋಡುತ್ತ ಕುಳಿತೆವು. ಜೋಳದ ಸಂಗಟಿ, ಬೇಳೆ ಸಾರು ಬಂತು. ಉಂಡೆ. ರುಚಿ ತಿಳಿಯಲಿಲ್ಲ. ಎದುರಿನ ಸಾಲಿನಲ್ಲಿ ಮೆಹರೂನ ನನ್ನ ಹಣೆ ನೋಡುತ್ತಿದ್ದಳು, ನಾನು ಅವಳದನ್ನು. ಮೊದಲ ತುತ್ತು, ಎರಡನೆಯ ತುತ್ತು, ಏನೂ ಆಗಲಿಲ್ಲ. ಕಿಟಕಿಯಲ್ಲಿ ಯಾರೋ "ನಾ ಹೇಳಿದ್ನೆಲ್ಲ" ಎಂದರು. ಪರ್ವತಯ್ಯನವರು ಸ್ಟೂಲಿನಿಂದ ಎದ್ದು ಬಂದು ಸಾಲಿನ ತುದಿಯಲ್ಲಿ ನಿಂತರು. ಅವರಿಗೆ ನಾನು ಸುಳ್ಳಾಗಬೇಕೆಂದು ಇತ್ತೋ ನಿಜವಾಗಬೇಕೆಂದು ಇತ್ತೋ, ಮುಖ ನೋಡಿ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಮೆಹರೂನಳ ಕೆಳಗಿನ ಗೆರೆ ತೆಳ್ಳಗಾಯಿತು. ಮೋಡ ಸರಿದ ಹಾಗೆ ಏನೂ ಅಲ್ಲ. ಹಲಗೆಯ ಮೇಲಿನ ಸೀಮೆಸುಣ್ಣವನ್ನು ಬಟ್ಟೆಯಿಂದ ಒರೆಸಿದ ಹಾಗೆ ಹೋಯಿತು. ಅವಳು ನನ್ನ ಕಡೆ ಬೆರಳು ತೋರಿಸಿ ಬಾಯಿ ತೆರೆದಳು, ತುತ್ತು ಒಳಗಿತ್ತು, ಮಾತು ಬರಲಿಲ್ಲ. ಸಾಲಿನ ಉದ್ದಕ್ಕೂ ಒಂದೊಂದೇ ಹಣೆ ಚೊಕ್ಕವಾಗುತ್ತ ಹೋಯಿತು. ಕೆನ್ನೆಯ ಮೇಲೆ ಶಿಕ್ಕಾ ಬರಲಿಲ್ಲ. ಏನೂ ಬರಲಿಲ್ಲ. ಚಿಕ್ಕ ಹುಡುಗಿಯರು ತಮ್ಮ ಹಣೆ ತಾವು ಮುಟ್ಟಿ ನೋಡಿಕೊಂಡು ಹಣೆಗೆಲ್ಲ ಸಾರು ಹಚ್ಚಿಕೊಂಡರು. ಕಿಟಕಿಯಿಂದ ಊರು ಇಳಿದುಹೋಯಿತು. ಸೋತವರು ನಿಂತು ನೋಡುವುದಿಲ್ಲ.

ಅಷ್ಟಾದ ಮೇಲೆ ನನಗೆ ನಾಲಿಗೆಯ ಮೇಲೆ ಇದ್ದದ್ದು ಏನೆಂದು ತಿಳಿಯಿತು.

"ಪರ್ವತಯ್ಯನವರ" ಎಂದೆ, "ಸಾರಿಗೆ ಉಪ್ಪಿಲ್ರಿ."

ಬಡಿಸುತ್ತಿದ್ದವನ ಸೌಟು ಗಾಳಿಯಲ್ಲಿ ನಿಂತಿತು. ಆ ಊಟದ ಮನೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಅನ್ನ ಹಳಸಿದರೂ ಆಡಿರಲಿಲ್ಲ, ಬೇಳೆಯಲ್ಲಿ ಹುಳ ಇದ್ದರೂ ಆಡಿರಲಿಲ್ಲ. ದಾಸೋಹದ ಅನ್ನಕ್ಕೆ ಕೊಂಕು ತೆಗೆದು ಹೆಸರಿಡಬಾರದು. ಇಟ್ಟರೆ ನಾಲಿಗೆಗೆ ಹುಳ ಬೀಳುತ್ತದೆ ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಪರ್ವತಯ್ಯನವರ ಮುಖ ಕಪ್ಪಾಯಿತು.

"ಎಷ್ಟು ಮಂದಿಗೆ ಉಪ್ಪಿಲ್ಲ?" ಎಂದರು. ದನಿಯಲ್ಲಿ ಸವಾಲಿತ್ತು. "ಕೈ ಎತ್ತರಿ ನೋಡೋಣು."

ಯಾರೂ ಎತ್ತಲಿಲ್ಲ. ನಾನೊಬ್ಬಳೇ ಎತ್ತಿದೆ. ಬಲಗೈ ಎಂಜಲಾಗಿತ್ತು, ಎಡಗೈ ಎತ್ತಿದೆ. ಮೆಹರೂನ ತುತ್ತು ನುಂಗಿ ಎತ್ತಿದಳು. ಅವಳ ಪಕ್ಕದವಳು ಅವಳನ್ನು ನೋಡಿ ಎತ್ತಿದಳು. ಆಮೇಲೆ ಕಡೆಯ ಸಾಲಿನ ಚಿಕ್ಕವರು, ಉಪ್ಪಿದೆಯೋ ಇಲ್ಲವೋ ಗೊತ್ತಿಲ್ಲದವರೂ, ಎತ್ತಿದರು. ಊಟದ ಮನೆ ತುಂಬ ಎಡಗೈಗಳು.

ಪರ್ವತಯ್ಯನವರು ಅವುಗಳನ್ನು ನೋಡಿ, ತಿರುಗಿ ಅಡುಗೆಮನೆಗೆ ಹೋದರು. ಅಡುಗೆಯವನನ್ನು ಅವರು ಬೈಯುವುದು ನಮ್ಮ ತನಕ ಸ್ಪಷ್ಟವಾಗಿ ಕೇಳಿಸಿತು: "ರೊಕ್ಕಾ ಕೊಟ್ಟು ಉಣ್ಣಾಕ ಬಂದಾರೋ ಮಬ್ಬ, ಮೈಮ್ಯಾಲೆ ಖಬರು ಐತೋ ಇಲ್ಲೋ?"

ನಾವು ಕೈ ಇಳಿಸಿ, ಉಪ್ಪು ಬರುವ ತನಕ ಕಾಯುತ್ತ ಕುಳಿತೆವು.